ಬಾಡಿಗೆ ಮನೆಯವಳ ಕೈಯಲ್ಲಿ ಕೀಲಿಕೈ

ಮನೆ ಕಟ್ಟುವವರಿಗೆ ಸಾಲ ಕೊಡುವ ಆಫೀಸಿನಲ್ಲಿ ಕೆಲಸ ಮಾಡುವವರು ನಗುವುದಕ್ಕೆಂದು ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ದಿನಕ್ಕೊಂದು ಪ್ರಸಂಗ ತಾನಾಗಿ ಮೆಟ್ಟಿಲು ಹತ್ತಿ ಬಂದು, ಎದುರಿನ ಕುರ್ಚಿಯಲ್ಲಿ ಕುಳಿತು, ಕುಡಿಯಲು ನೀರು ಕೇಳುತ್ತದೆ.

ನಮ್ಮ ಆಫೀಸು ಸಿಕಂದರಾಬಾದಿನಲ್ಲಿ, ಸ್ಟೇಷನ್ನಿಗೆ ಹತ್ತಿರದ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿತ್ತು. ಬ್ಯಾಂಕಿನವರು ‘ಆ ಕಾಗದ ಇಲ್ಲ, ಈ ಕಾಗದ ಇಲ್ಲ’ ಎಂದು ವಾಪಸು ಕಳಿಸಿದವರೆಲ್ಲ ನಮ್ಮಲ್ಲಿಗೆ ಬರುತ್ತಿದ್ದರು. ನಾವು ಅವರಿಗೆ ಸೈಟಿನ ಮೇಲೆ, ಮನೆಯ ಮೇಲೆ ಸಾಲ ಕೊಡುತ್ತಿದ್ದೆವು. ಬ್ಯಾಂಕಿಗಿಂತ ನಮ್ಮ ಬಡ್ಡಿ ಸ್ವಲ್ಪ ಹೆಚ್ಚು, ನಗುಮುಖವೂ ಸ್ವಲ್ಪ ಹೆಚ್ಚು.

ನಾನು ಅಲ್ಲಿ ಒಂಬತ್ತು ವರ್ಷ ಟೈಪಿಸ್ಟ್ ಆಗಿದ್ದೆ. ನನ್ನ ಮೇಜು ಗೋಡೆಗೆ ಮುಖ ಮಾಡಿಕೊಂಡಿತ್ತು. ಬಂದುಹೋಗುವವರಿಗೆ ನನ್ನ ಬೆನ್ನು ಪರಿಚಯ, ಮುಖ ಗೊತ್ತಿರಲಿಲ್ಲ. ಅಷ್ಟರಲ್ಲಿ ಹೈದರಾಬಾದಿಗೆ ಸಾಫ್ಟ್‌ವೇರ್ ಬಂತು. ಮಾಧಾಪುರದ ಕಡೆ ಮೇಕೆ ಹತ್ತುತ್ತಿದ್ದ ಬಂಡೆಗಳಿಗೆಲ್ಲ ಚಿನ್ನದ ಬೆಲೆ ಬಂತು. ನಮಗೂ ಮಾರ್ಕೆಟಿಂಗ್ ಬೇಕು ಎಂದು ಮಾಲೀಕರು ಟೈ ಕಟ್ಟಿದ ಒಬ್ಬರನ್ನು ಇಟ್ಟುಕೊಂಡರು. ಅವರು ಒಂದೇ ತಿಂಗಳಲ್ಲಿ ದುಪ್ಪಟ್ಟು ಸಂಬಳಕ್ಕೆ ಬೇರೆ ಕಡೆ ಹೋದರು. ಆಗ ನಾನು ಧೈರ್ಯ ಮಾಡಿ, “ಸರ್, ಆ ಕೆಲಸ ನಾನು ಮಾಡ್ತೀನಿ” ಅಂದೆ.

ಮಾಲೀಕರು ತೆಲುಗಿನವರು, ಮಾತು ಕಡಿಮೆ. ನನ್ನನ್ನು ಕರೆದುಕೊಂಡು ಹೋಗಿ ನಾಲ್ಕು ಅರೆಗಳ ಒಂದು ಖಾಲಿ ಕಬ್ಬಿಣದ ಬೀರುವಿನ ಮುಂದೆ ನಿಲ್ಲಿಸಿದರು. “ಉಗಾದಿಯೊಳಗೆ ಇದು ಹೊಸ ಫೈಲುಗಳಿಂದ ತುಂಬಬೇಕಮ್ಮಾ. ತುಂಬಿದರೆ ನೀನು ಮಾರ್ಕೆಟಿಂಗ್ ಆಫೀಸರ್. ತುಂಬದಿದ್ದರೆ ಮತ್ತೆ ಗೋಡೆ ಕಡೆ ಮುಖ” ಎಂದು ಬೀರುವಿನ ಉದ್ದನೆಯ ಕೀಲಿಕೈ ನನ್ನ ಅಂಗೈಯಲ್ಲಿಟ್ಟರು. ಆ ಗೋಡೆಯ ಪ್ರತಿ ಬಿರುಕೂ ನನಗೆ ಬಾಯಿಪಾಠವಾಗಿತ್ತು. ಮತ್ತೆ ಅದನ್ನು ನೋಡುತ್ತಾ ಕೂರುವುದು ನನಗೆ ಸುತಾರಾಂ ಬೇಡವಾಗಿತ್ತು.

ನಮ್ಮಪ್ಪ ರಾಯಚೂರು ಕಡೆಯಿಂದ ಬಂದು ಇಲ್ಲಿನ ರಕ್ಷಣಾ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸುದ್ದಿ ಕೇಳಿ, “ಮಾರ್ಕೆಟಿಂಗ್ ಅಂದ್ರ ಮನಿಮನಿಗೆ ಹೋಗಿ ಸೋಪು ಮಾರೂದೇನವ್ವಾ?” ಅಂದರು.

“ಸೋಪಲ್ಲಪ್ಪಾ, ಸಾಲ.”

ಅಪ್ಪ ಸ್ವಲ್ಪ ಯೋಚನೆ ಮಾಡಿ, “ಸೋಪಾದ್ರ ಕರಗ್ತಿತ್ತು” ಅಂದರು.

ಮೇಕೆ ನಿಂತ ಮಲಗುವ ಕೋಣೆ

ಮೊದಲ ದಿನವೇ ಒಬ್ಬ ಬಿಲ್ಡರ್ ತಮ್ಮ ಜಾಗ ತೋರಿಸಲು ಕರೆದುಕೊಂಡು ಹೋದರು. ಅವರ ಫ್ಲಾಟು ಕೊಳ್ಳುವವರಿಗೆ ನಾವು ಸಾಲ ಕೊಡಬೇಕೆಂಬುದು ಮಾತು. ಗಚ್ಚಿಬೌಲಿ ದಾಟಿ, ಟಾರು ಮುಗಿದು, ಮಣ್ಣಿನ ದಾರಿಯೂ ಮುಗಿದ ಮೇಲೆ ಕಾರು ನಿಂತಿತು. ಸುತ್ತ ನೋಡಿದರೆ ಬರೀ ಬಂಡೆ. ಒಂದರ ಮೇಲೊಂದು ಯಾರೋ ಬೇಕೆಂದೇ ಪೇರಿಸಿಟ್ಟ ಹಾಗೆ. ಜೊತೆಗೆ ಫ್ಲಾಟು ನೋಡಲು ಬಂದ ಸಾಫ್ಟ್‌ವೇರ್ ದಂಪತಿಗಳೂ ಇದ್ದರು.

ಬಿಲ್ಡರ್ ಕೈ ಚಾಚಿದರು. “ಇದು ಮೇನ್ ಗೇಟು. ಒಳಗೆ ಬನ್ನಿ.” ನಾವು ಒಳಗೆ ಹೋದೆವು. “ಇದು ಲಿಫ್ಟು. ಇಲ್ಲಿ ಜಿಮ್ಮು. ಅಮ್ಮಾ, ಸ್ವಲ್ಪ ಈ ಕಡೆ ಬನ್ನಿ, ನೀವು ಸ್ವಿಮ್ಮಿಂಗ್ ಪೂಲಿನಲ್ಲಿ ನಿಂತಿದ್ದೀರಿ.”

ನಾನು ಸೀರೆ ಎತ್ತಿ ಹಿಡಿದುಕೊಂಡು ಪಕ್ಕಕ್ಕೆ ಸರಿದೆ. ಯಾಕೆ ಸರಿದೆನೋ, ಸೀರೆ ಯಾಕೆ ಎತ್ತಿದೆನೋ, ದೇವರಾಣೆ ನನಗೆ ಗೊತ್ತಿಲ್ಲ.

ಗಂಡ ಹೆಂಡತಿ ಅಷ್ಟು ಹೊತ್ತಿಗೆ ತಮ್ಮ ಫ್ಲಾಟು ಸೇರಿಬಿಟ್ಟಿದ್ದರು. ಟೀವಿ ಎಲ್ಲಿಡಬೇಕು ಎಂದು ಜಗಳ ಶುರುವಾಗಿತ್ತು. ದೂರದಲ್ಲಿ ಒಂದು ಮೇಕೆ ಬಂಡೆಯ ಮೇಲೆ ನಿಂತು ನಮ್ಮನ್ನೇ ನೋಡುತ್ತಿತ್ತು. ಹೆಂಡತಿ ಅದನ್ನು ತೋರಿಸಿ, “ಅಯ್ಯೋ, ಅದನ್ನು ಓಡಿಸಿ, ನಮ್ಮ ಬೆಡ್‌ರೂಮಿನಲ್ಲಿದೆ” ಅಂದಳು. ಗಂಡ ಹೋಗಿ ಓಡಿಸಿ ಬಂದ. ಬರುವಾಗ ನೇರ ಬರಲಿಲ್ಲ, ಬಾಗಿಲು ಇರಬೇಕಾದ ಕಡೆಯಿಂದ ಸುತ್ತಿಕೊಂಡು ಬಂದ.

ಅವರಿಬ್ಬರ ಕಣ್ಣಲ್ಲಿ ನಿಜವಾಗಿಯೂ ಒಂದು ಮನೆ ಕಾಣುತ್ತಿತ್ತು. ನಾನು ಬೆರಗಾಗಿ ನೋಡುತ್ತಾ ನಿಂತೆ. ಆ ಬಿಲ್ಡರ್ ಕಳಿಸಿದ ಜನರಿಂದಲೇ ಬೀರುವಿನ ಮೇಲಿನ ಅರೆ ತುಂಬಿತು.

ಮುಂದೆ ಎರಡು ವರ್ಷ ಬಿಟ್ಟು ಅದೇ ಜಾಗಕ್ಕೆ ಹೋದೆ. ನಾನು ಸೀರೆ ಎತ್ತಿ ನಿಂತಿದ್ದ ಕಡೆಯೇ ನೀಲಿ ನೀರು, ಲಿಫ್ಟಿನ ಕಡೆ ಲಿಫ್ಟು, ಬೆಡ್‌ರೂಮಿನ ಕಡೆ ಪರದೆ. ಹೇಳಿದ್ದೆಲ್ಲ ಹೇಳಿದಲ್ಲೇ ಇತ್ತು. ಮೇಕೆಯೊಂದು ಮಾತ್ರ ಕಾಣಲಿಲ್ಲ. ಅದಕ್ಕೆ ಸಾಲ ಮಂಜೂರಾಗಿರಲಿಕ್ಕಿಲ್ಲ.

ನನ್ನ ಎರಡನೆಯ ಸಂಸಾರ

ರಸ್ತೆ ಬದಿಯಲ್ಲಿ ದೊಡ್ಡ ಹೋರ್ಡಿಂಗ್ ಹಾಕಿಸೋಣ ಎಂದು ನಾನೇ ಹೇಳಿದೆ. ಹೊಸ ಮನೆಯ ಮುಂದೆ ಗಂಡ ಹೆಂಡತಿ ನಗುತ್ತಾ ನಿಂತಿರಬೇಕು, ಹೆಂಡತಿಯ ಕೈಯಲ್ಲಿ ಕೀಲಿಕೈ ಇರಬೇಕು. ಕಂಟೋನ್ಮೆಂಟಿನ ಕಡೆ ಆಗಷ್ಟೇ ಬಣ್ಣ ಹೊಡೆದು ಮುಗಿಸಿದ್ದ ಒಂದು ಮನೆ ನೋಡಿ, ಅದರ ಕಾಂಟ್ರಾಕ್ಟರನ ಒಪ್ಪಿಗೆ ಪಡೆದೆವು. ಫೋಟೋಗ್ರಾಫರ್ ಬಂದ, ಬಿಸಿಲು ಬಂತು, ಆದರೆ ಹೆಂಡತಿಯಾಗಿ ನಿಲ್ಲಬೇಕಾದ ಮಾಡೆಲ್ ಹುಡುಗಿಯೂ ಗಂಡನಾಗಬೇಕಾದವನೂ ಬರಲಿಲ್ಲ. ಅವರಿಗೆ ಬೇರೆ ಕಡೆ ಸೀರೆ ಅಂಗಡಿಯ ಫೋಟೋ ಸಿಕ್ಕಿತ್ತಂತೆ.

ಮಾಲೀಕರು ಫೋನಿನಲ್ಲೇ ತೀರ್ಮಾನ ಕೊಟ್ಟರು. “ನೀನೇ ನಿಲ್ಲಮ್ಮಾ. ಅಕೌಂಟೆಂಟನ್ನು ಕಳಿಸ್ತೀನಿ, ಗಂಡನಾಗಲಿ.”

ನಮ್ಮ ಅಕೌಂಟೆಂಟ್ ನಲವತ್ತು ದಾಟಿದ ಬ್ರಹ್ಮಚಾರಿ. ಆಫೀಸಿನ ಪೆನ್ನು ಮನೆಗೆ ಹೋದರೂ ನಿದ್ದೆ ಬಾರದ ಮನುಷ್ಯ. ನನ್ನಿಂದ ಎರಡು ಮಾರು ದೂರ ನಿಂತರು. ಫೋಟೋಗ್ರಾಫರ್, “ಸಾರ್, ಸ್ವಲ್ಪ ಹತ್ತಿರ. ಮೇಡಂ ಭುಜದ ಮೇಲೆ ಕೈ ಹಾಕಿ” ಅಂದ.

“ವೋಚರ್ ಇಲ್ಲದೆ ನಾನು ಯಾವುದನ್ನೂ ಮುಟ್ಟುವುದಿಲ್ಲ” ಅಂದರು ಅಕೌಂಟೆಂಟ್.

ಕೊನೆಗೆ ಕೈಯನ್ನು ನನ್ನ ಭುಜದಿಂದ ಒಂದು ಗೇಣು ಮೇಲೆ, ಗಾಳಿಯಲ್ಲಿ ಹಿಡಿದರು. ಕೀಲಿಕೈ ಎಲ್ಲಿ ಎಂದರೆ ಮನೆಯ ಬಾಗಿಲಿಗೆ ಇನ್ನೂ ಬೀಗವನ್ನೇ ಕೂಡಿಸಿರಲಿಲ್ಲ. ನನ್ನ ಪರ್ಸಿನಲ್ಲಿ ಬೀರುವಿನ ಕೀಲಿಕೈ ಇತ್ತು, ಅದನ್ನೇ ಎತ್ತಿ ಹಿಡಿದೆ. ಇಡೀ ದಿನ ನಕ್ಕಿದ್ದಕ್ಕೆ ಮಾಲೀಕರು ಕೊಡಿಸಿದ್ದು ಎರಡು ಸಮೋಸ, ಒಂದು ಚಹಾ.

ವಾರದಲ್ಲಿ ನಾಚಾರಂನಿಂದ ಸಿಕಂದರಾಬಾದಿಗೆ ಬರುವ ದಾರಿಯಲ್ಲಿ ನಾನು ಎರಡು ಅಂತಸ್ತಿನಷ್ಟು ಎತ್ತರ ಎದ್ದು ನಿಂತೆ. ನನ್ನ ಮೂಗಿನ ನತ್ತೇ ಬಸ್ಸಿನ ಚಕ್ರದಷ್ಟಿತ್ತು. ಪಕ್ಕದಲ್ಲಿ ದೊಡ್ಡ ತೆಲುಗು ಅಕ್ಷರಗಳಲ್ಲಿ ‘ನಮ್ಮ ಮನೆ, ನಮ್ಮ ಕೀಲಿಕೈ’ ಎಂದು ಬರೆದಿತ್ತು. ಮೊದಲ ಸಲ ಬಸ್ಸಿನಿಂದ ಅದನ್ನು ನೋಡಿದಾಗ, ಒಂಬತ್ತು ವರ್ಷ ಬರೀ ಬೆನ್ನಾಗಿದ್ದ ನಾನು ನನ್ನ ಮುಖವನ್ನೇ ಗುರುತು ಹಿಡಿಯದೆ, ‘ಯಾರೋ ಪುಣ್ಯವಂತೆ’ ಅಂದುಕೊಂಡೆ. ಆಮೇಲೆ ಗುರುತು ಸಿಕ್ಕಿ ಮೈ ಜುಮ್ಮೆಂದಿತು.

ನನ್ನ ಗಂಡ ನಾಚಾರಂನ ಒಂದು ನಟ್ಟು ಬೋಲ್ಟಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವರಿಗೆ ಈ ವಿಷಯ ಹೇಳಲು ಮರೆತಿದ್ದೆ. ಸಂಜೆ ಬೋರ್ಡು ನೋಡಿಕೊಂಡೇ ಮನೆಗೆ ಬಂದವರು ಕೈಕಾಲು ತೊಳೆದು, ಊಟಕ್ಕೆ ಕೂತು, ಎರಡು ರೊಟ್ಟಿ ಮುಗಿಸಿದರು. ಮೂರನೆಯದಕ್ಕೆ ಕೈ ಚಾಚಿ, “ಮನೀ ಭಾಳ ಚಲೋ ಐತಿ” ಅಂದರು. “ಬೋರ್ಡಿನ್ಯಾಗಿನ ಯಜಮಾನ್ರು ಊರಾಗ ಇಲ್ಲದಾಗ ನನ್ನೂ ಒಮ್ಮೆ ಕರೀರಿ.”

ಅಭಿನಂದನೆ ಮತ್ತು ನೋಟಿಸು

ಕೆಲವು ದಿನ ಬಿಟ್ಟು ಒಂದು ಬೆಳಿಗ್ಗೆ ನಮ್ಮ ಬಾಡಿಗೆ ಮನೆಯ ಒಡತಿ ತಟ್ಟೆಯಲ್ಲಿ ಅರಿಶಿನ ಕುಂಕುಮ, ತೆಂಗಿನಕಾಯಿ ಇಟ್ಟುಕೊಂಡು ಬಂದರು. ನನ್ನ ಹಣೆಗೆ ಕುಂಕುಮ ಹಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು, “ಎಷ್ಟು ಸಂತೋಷವಾಯಿತಮ್ಮಾ ನಿನ್ನ ಮನೆ ನೋಡಿ” ಅಂದರು. ಆ ನೀರು ಒರೆಸಿಕೊಳ್ಳುವ ಮೊದಲೇ, “ಹಾಗಾದರೆ ಉಗಾದಿಗೆ ಖಾಲಿ ಮಾಡ್ತೀರಲ್ಲಾ? ಸಾಫ್ಟ್‌ವೇರಿನವರು ಇಬ್ಬರು ಕೇಳ್ತಿದ್ದಾರೆ” ಅಂದರು.

“ಅದು ನಮ್ಮ ಮನೆ ಅಲ್ಲಮ್ಮಾ, ಬರೀ ಫೋಟೋ.”

“ಅಷ್ಟು ದೊಡ್ಡ ಬೋರ್ಡಿನ ಮೇಲೆ ಯಾರಾದರೂ ಸುಳ್ಳು ಬರೀತಾರಾ?”

ಬರೆದವಳು ನಾನೇ. ಸುಳ್ಳೆಂದು ಒಪ್ಪಿದರೆ ಮಧ್ಯಾಹ್ನದೊಳಗೆ ಓಣಿಗೆಲ್ಲ ಸುದ್ದಿ. ಬೋರ್ಡು ನೋಡಿ ಅದೇ ಓಣಿಯವರು ಒಬ್ಬೊಬ್ಬರಾಗಿ ಸಾಲ ಕೇಳಲು ಬರುತ್ತಿದ್ದರು, ಬೀರುವಿನ ಎರಡನೇ ಅರೆ ಅವರಿಂದಲೇ ತುಂಬುತ್ತಿತ್ತು. ನಾನು ಕುಂಕುಮದ ಹಣೆ ಹೊತ್ತು ತೆಂಗಿನಕಾಯಿ ಒಳಗಿಟ್ಟು ಬಂದೆ. ಇನ್ನು ಉಗಾದಿಗೆ ಕುರ್ಚಿಯೂ ಹೋಗುವಂತಿತ್ತು, ಮನೆಯೂ ಹೋಗುವಂತಿತ್ತು.

ಎಂಟು ದಿನ ಬಿಟ್ಟು ಒಡತಿ ನಮ್ಮ ಆಫೀಸಿಗೇ ಬಂದರು. “ನಿನ್ನನ್ನು ನೋಡಿ ನನಗೂ ಧೈರ್ಯ ಬಂತಮ್ಮಾ. ಮೇಲೆ ಒಂದು ಮಹಡಿ ಎಬ್ಬಿಸ್ತೀನಿ” ಅಂದರು. ಅವರಿಗೆ ಇಂಗ್ಲಿಷ್ ಬಾರದು. ನನ್ನನ್ನು ಎಬ್ಬಿಸುತ್ತಿರುವ ಮನೆಯ ಮೇಲೆ ಮಹಡಿ ಎಬ್ಬಿಸುವ ಅರ್ಜಿಯನ್ನು ನಾನೇ, ದುಂಡಗೆ, ಒಂದೂ ತಪ್ಪಿಲ್ಲದೆ ತುಂಬಿಕೊಟ್ಟೆ.

ಪೂರ್ವಕ್ಕೆ ಮುಖ

ಒಬ್ಬ ಸಾಫ್ಟ್‌ವೇರ್ ತರುಣ ಬಂದಿದ್ದ. ಕಂಪ್ಯೂಟರಿನಲ್ಲಿ ಬಡ್ಡಿಯ ಲೆಕ್ಕವೆಲ್ಲ ತಾನೇ ಹಾಕಿಕೊಂಡು ಬಂದು, ನಮ್ಮ ಅಕೌಂಟೆಂಟರ ಲೆಕ್ಕದಲ್ಲಿ ಎರಡು ತಪ್ಪು ತೋರಿಸಿದ. ಎಂತಹ ಹುಡುಗ ಎಂದು ನಾನು ಬೆರಗಾಗುವಷ್ಟರಲ್ಲಿ, ಸಹಿ ಹಾಕಲು ಪೆನ್ನು ತೆಗೆದವನು ಹಾಗೇ ನಿಂತ. “ಮೇಡಂ, ಈ ಮೇಜು ದಕ್ಷಿಣಕ್ಕೆ ಮುಖ ಮಾಡಿದೆ.”

ಫೋನಿನಲ್ಲಿ ಅವನ ತಾಯಿ ಬಂದರು. ಪೂರ್ವಕ್ಕೆ ಮುಖ ಮಾಡಿ ಸಹಿ ಹಾಕಬೇಕು, ಹತ್ತು ನಿಮಿಷದಲ್ಲಿ ರಾಹುಕಾಲ ಶುರು. ನಾವು ಮೇಜು ತಿರುಗಿಸಿದೆವು. ಮೇಜಿಗೆ ಜಾಗ ಸಾಲದೆ ಬೀರು ಜರುಗಿಸಿದೆವು. ಮೂರನೇ ಅರೆಯೂ ಅರ್ಧ ತುಂಬಿದ್ದ ಬೀರು ಬಹಳ ಭಾರವಾಗಿತ್ತು. ನಾಲ್ಕು ಜನ ಸೇರಿ ತಳ್ಳಿದ್ದಕ್ಕೆ ಅದು ನೇರವಾಗಿ ಹೋಗಿ ಮಾಲೀಕರ ಕೋಣೆಯ ಬಾಗಿಲಿಗೆ ಅಡ್ಡ ನಿಂತಿತು. ತರುಣ ಪೂರ್ವಕ್ಕೆ ತಿರುಗಿ, ಕಣ್ಣು ಮುಚ್ಚಿ, ಸಹಿ ಹಾಕಿದ.

ಬೀರು ಹಿಂದಕ್ಕೆ ತಳ್ಳೋಣ ಎಂದರೆ ಫೋನಿನಿಂದ ತಾಯಿಯ ಧ್ವನಿ ಬಂತು. “ಏನನ್ನೂ ಮುಟ್ಟಬೇಡಿ! ರಾಹುಕಾಲ ಮುಗಿಯುವವರೆಗೆ ಎಲ್ಲವೂ ಇದ್ದಲ್ಲೇ ಇರಲಿ.” ಗಿರಾಕಿ ಕೈ ತಪ್ಪೀತೆಂದು ಯಾರೂ ಮುಟ್ಟಲಿಲ್ಲ. ಒಳಗಿನಿಂದ ಮಾಲೀಕರು ಒಂದೂವರೆ ಗಂಟೆ ಬಾಗಿಲು ಬಡಿದರು.

“ಅಲ್ಲಿ ಯಾರದು ಗಲಾಟೆ?” ಅಂದರು ಫೋನಿನ ತಾಯಿ. “ಅಂಥವರನ್ನು ಶುಭಕಾರ್ಯಕ್ಕೆ ಯಾಕೆ ಕರೀತೀರಿ?”

ಹನ್ನೊಂದು ಕಟ್ಟಡಗಳು

ಉಗಾದಿಗೆ ಎಂಟು ದಿನ ಉಳಿದಿತ್ತು. ಮೂರು ಅರೆ ತುಂಬಿ, ಕೆಳಗಿನದು ಖಾಲಿ ಉಳಿದಿತ್ತು. ಆ ಖಾಲಿ ಅರೆ ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಗೋಡೆಯ ಬಿರುಕು ನೆನಪಾಗುತ್ತಿತ್ತು.

ಆಗ ಬಂದವಳು ಮೇಸ್ತ್ರಿ ಬಾಯಿ ಎಂದೇ ಎಲ್ಲರೂ ಕರೆಯುವ ಹೆಂಗಸು. ಐವತ್ತರ ಆಸುಪಾಸು. ಕೈತುಂಬ ಹಸಿರು ಬಳೆ, ಕಾಲಿಗೆ ಸಿಮೆಂಟಿನ ಬಿಳಿ. ಯಾದಗಿರಿ ಕಡೆಯವಳು, ಹತ್ತೊಂಬತ್ತು ವರ್ಷದ ಹಿಂದೆ ತಲೆಯ ಮೇಲೆ ಇಟ್ಟಿಗೆ ಹೊರಲು ಬಂದವಳು, ಈಗ ತನ್ನದೇ ಮೂವತ್ತು ಜನರ ಗುಂಪು ಕಟ್ಟಿಕೊಂಡು ಗೋಡೆ ಕಟ್ಟಿಸುತ್ತಿದ್ದಳು. ಬಾಗಿಲಲ್ಲೇ ನಿಂತು ತೆಲುಗಿನಲ್ಲಿ ಏನೋ ಕೇಳಿದಳು. ನಾನು ಫೋನಿನಲ್ಲಿ ನಮ್ಮಪ್ಪನ ಜೊತೆ ಆಡುತ್ತಿದ್ದ ಮಾತು ಕಿವಿಗೆ ಬಿದ್ದದ್ದೇ, “ಅಯ್ಯ, ನಮ್ಮ ಮಾತು!” ಎಂದು ಬಂದು ಕೂತಳು.

“ಅಕ್ಕಾರ, ಊರ ಹೊರಗ ಅರವತ್ತು ಗಜದ ಜಾಗಾ ನೋಡೀನ್ರಿ. ಎರಡು ಖೋಲಿ ಎಬ್ಬಸೂದೈತಿ. ಮಂದಿ ಮನೀ ಕಟ್ಟಿ ಕಟ್ಟಿ ಸಾಕಾಗೈತ್ರಿ. ನಾ ಇನ್ನಾ ಶೆಡ್ಡಿನ್ಯಾಗ ಅದೀನಿ.”

“ಪಗಾರದ ಚೀಟಿ ಐತೇನ್ರಿ?”

“ನಮಗ್ಯಾರು ಚೀಟಿ ಕೊಡ್ತಾರ್ರಿ? ಶನಿವಾರಕ್ಕ ಕೈಯಾಗ ಕೊಡ್ತಾರ.”

“ಹಂಗಾದ್ರ ನೀವು ಏನು ಕೆಲಸ ಮಾಡ್ತೀರಿ ಅನ್ನೂದಕ್ಕ ಏನಾರ ಪುರಾವೆ ತರ್ರಿ” ಅಂದೆ. ಅದು ಬರೀ ಬಾಯಿಮಾತು. ಮಾಲೀಕರ ನಿಯಮ ನನಗೆ ಗೊತ್ತಿತ್ತು. ಏನಾದರೂ ಆಸ್ತಿ ಇದ್ದವರಿಗೆ ಮಾತ್ರ ಸಾಲ. ಆ ಆಸ್ತಿಯ ಮುಂದೆ ತಾವೇ ನಿಂತ ಫೋಟೋವನ್ನು ಫೈಲಿಗೆ ಅಂಟಿಸಬೇಕು. ಬೇರೆ ಯಾವ ಫೋಟೋವೂ ನಮ್ಮ ಫೈಲಿನಲ್ಲಿ ಇರುತ್ತಿರಲಿಲ್ಲ.

ಎರಡು ದಿನ ಬಿಟ್ಟು ಆಕೆ ಪುರಾವೆ ತಂದಳು. ಆ ಹೊತ್ತಿಗೆ ನಾನು ಕರಪತ್ರ ಅಚ್ಚು ಹಾಕಿಸಲು ಕೋಠಿ ಬಜಾರಿಗೆ ಹೋಗಿದ್ದೆ. ಅವಳ ಪ್ಲಾಸ್ಟಿಕ್ ಚೀಲದಲ್ಲಿ ಹನ್ನೊಂದು ಫೋಟೋ. ಕಟ್ಟಡ ಕೆಲಸದವರಲ್ಲಿ ಒಂದು ರೂಢಿಯಿದೆ. ಕೆಲಸ ಮುಗಿದ ಕೊನೆಯ ದಿನ, ಇನ್ನೂ ಕಾವಲುಗಾರ ಬಂದಿರುವುದಿಲ್ಲ, ಗೇಟು ತೆರೆದಿರುತ್ತದೆ, ಆಗ ಒಗೆದ ಸೀರೆ ಉಟ್ಟು, ಕಟ್ಟಿದ ಕಟ್ಟಡದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಮರುದಿನದಿಂದ ಅದರೊಳಗೆ ಅವರನ್ನು ಯಾರೂ ಬಿಡುವುದಿಲ್ಲ. ಅಕೌಂಟೆಂಟರಿಗೆ ಈ ರೂಢಿ ಏನು ಗೊತ್ತು? ಹನ್ನೊಂದನ್ನೂ ‘ಅರ್ಜಿದಾರರ ಆಸ್ತಿ’ ಎಂಬ ಹಾಳೆಗೆ ಸಾಲಾಗಿ ಅಂಟಿಸಿ ಮಾಲೀಕರ ಮೇಜಿಗೆ ಕಳಿಸಿಬಿಟ್ಟರು.

ನಾನು ಕೋಠಿಯಿಂದ ಬಂದು ನೋಡುತ್ತೇನೆ, ಮೇಸ್ತ್ರಿ ಬಾಯಿ ಮಾಲೀಕರ ಕುರ್ಚಿಯಲ್ಲಿ ಕೂತು ಇರಾನಿ ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದಾಳೆ. ಮಾಲೀಕರು ಎದುರಿಗೆ ಕೈಕಟ್ಟಿ ನಿಂತಿದ್ದಾರೆ. ನನ್ನನ್ನು ಬದಿಗೆ ಕರೆದು ಪಿಸುಗುಟ್ಟಿದರು. “ನಿಜವಾದ ಶ್ರೀಮಂತರು ಹೀಗೇ ಇರ್ತಾರಮ್ಮಾ. ಒಂದು ಚೂರು ಚಿನ್ನ ಇಲ್ಲ ನೋಡು. ಕಾಲಿಗೆ ಸಿಮೆಂಟು! ಖುದ್ದಾಗಿ ನಿಂತು ಕಟ್ಟಿಸ್ತಾರೆ.” ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, “ಆರನೇ ಫೋಟೋ ನಮ್ಮ ಬಿಲ್ಡಿಂಗು. ನಾನು ಅಲ್ಲಿ ಬಾಡಿಗೆಗಿದ್ದೇನೆ. ಓನರು ಹಳ್ಳಿಯಲ್ಲಿರುವ ವಯಸ್ಸಾದ ಹೆಂಗಸು ಅಂತ ಮ್ಯಾನೇಜರ್ ಹೇಳ್ತಿದ್ದ, ಇವತ್ತು ನೋಡಿದೆ” ಅಂದರು.

ಊರಿಗೆಲ್ಲ ಮನೆ ಮಾಡಿಕೊಡುವ ನಮ್ಮ ಮಾಲೀಕರೇ ಬಾಡಿಗೆಯವರು! ನಿಜ ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಅವರು ಹಿಂದಿಯಲ್ಲಿ ತಮ್ಮ ದೂರು ಶುರು ಮಾಡಿಬಿಟ್ಟಿದ್ದರು.

“ಅಮ್ಮಾ, ನಾಲ್ಕನೇ ಮಹಡಿಯ ಬಚ್ಚಲು ಆರು ತಿಂಗಳಿಂದ ಸೋರ್ತಿದೆ. ಮ್ಯಾನೇಜರಿಗೆ ಹೇಳಿ ಹೇಳಿ ಸಾಕಾಯಿತು.”

ಮೇಸ್ತ್ರಿ ಬಾಯಿ ಬಿಸ್ಕತ್ತು ಕೆಳಗಿಟ್ಟಳು. ಅವಳ ಹಿಂದಿ ನಮ್ಮೆಲ್ಲರಿಗಿಂತ ಖಡಕ್ಕಾಗಿತ್ತು. “ಯಾವ ಬದಿ? ಮೂಡಲ ಗೋಡೆನಾ? ಆ ಗೋಡೆಯಿಂದ ನೀರು ಬರಲು ಸಾಧ್ಯವೇ ಇಲ್ಲ. ನಾನು ಮುಂದೆ ನಿಂತು ಎರಡು ಸಲ ಸಿಮೆಂಟು ಗಿಲಾವ್ ಮಾಡಿಸಿದ್ದೇನೆ. ನೀವು ಗೀಸರ್ ಹಾಕಿಸಿದಿರಾ?”

“ಹೌದು ಅಮ್ಮಾ.”

“ಯಾರನ್ನು ಕೇಳಿ ಗೋಡೆ ಕೊರೆಸಿದಿರಿ?”

ಮಾಲೀಕರು ತಲೆ ತಗ್ಗಿಸಿದರು. ಅವರು ತಲೆ ತಗ್ಗಿಸಿದ್ದನ್ನು ಒಂಬತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ. “ತಪ್ಪಾಯಿತು. ದಯವಿಟ್ಟು ಈ ವರ್ಷ ಬಾಡಿಗೆ ಮಾತ್ರ ಏರಿಸಬೇಡಿ” ಅಂದರು.

“ಬಾಡಿಗೆ? ಯಾರ ಬಾಡಿಗೆ?” ಆಕೆ ನನ್ನ ಕಡೆ ತಿರುಗಿ, “ಅಕ್ಕಾರ, ಇವರೇನು ಮಾತಾಡಾಕತ್ತಾರ್ರಿ? ಈ ಬಿಲ್ಡಿಂಗು ನನ್ನವಲ್ರಿ. ನಾ ಕಟ್ಟೀನಿ, ಅಷ್ಟ. ನನ್ನವಿದ್ರ ಎರಡು ಖೋಲಿಗೆ ಇಲ್ಲಿ ಯಾಕ ಬರ್ತಿದ್ದೆ?” ಅಂದಳು. ಮಾಲೀಕರಿಗೂ ಅದನ್ನೇ ಹಿಂದಿಯಲ್ಲಿ ಹೇಳಿದಳು.

ಬಾಗಿಲಲ್ಲಿ ನಿಂತಿದ್ದ ಅಕೌಂಟೆಂಟ್ ಮೆಲ್ಲಗೆ ಮರೆಯಾದರು. ಮಾಲೀಕರ ಮುಖ ಕೆಂಪಾಯಿತು. “ಏನಮ್ಮಾ ಇದು? ಯಾರದೋ ಮನೆ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಜನರನ್ನು ನಂಬಿಸುವುದಾ?” ಎಂದು ನನ್ನ ಮೇಲೆ ಎಗರಿದರು. ನನ್ನ ಕಣ್ಣ ಮುಂದೆ ಗೋಡೆಯ ಬಿರುಕು ಬಂದೇಬಿಟ್ಟಿತು.

ಮೇಸ್ತ್ರಿ ಬಾಯಿ ಕುರ್ಚಿಯಿಂದ ಎದ್ದಳು. ಮಾಲೀಕರ ತಲೆಯ ಹಿಂದೆ, ಗೋಡೆಯ ಮೇಲೆ, ನಮ್ಮ ಹೋರ್ಡಿಂಗಿನ ಚಿತ್ರ ಕಟ್ಟು ಹಾಕಿಸಿ ತೂಗುಹಾಕಿದ್ದರು. ಅದಕ್ಕೆ ಬೆರಳು ತೋರಿಸಿದಳು.

“ಈ ಅಕ್ಕನೂ ನಿಂತಿದ್ದಾಳಲ್ಲ ಸಾಬ್? ಆ ಮನೆ ಇವಳದಾ? ಅದೂ ನಾನೇ ಕಟ್ಟಿದ್ದು. ಅವತ್ತು ಆ ಬಾಗಿಲಿಗೆ ಬೀಗವೇ ಇರಲಿಲ್ಲ. ಇವಳು ಯಾವ ಕೀಲಿಕೈ ಹಿಡಿದಿದ್ದಾಳೆ?”

ಮಾಲೀಕರು ಚಿತ್ರ ನೋಡಿದರು. ಬಾಗಿಲಾಚೆಯ ಬೀರು ನೋಡಿದರು. ಅದರಲ್ಲಿ ನೇತಾಡುತ್ತಿದ್ದ ಕೀಲಿಕೈ ನೋಡಿದರು. ಆಮೇಲೆ ಮತ್ತೆ ಆ ಹಾಳೆ ಕೈಗೆತ್ತಿಕೊಂಡು ಹನ್ನೊಂದು ಫೋಟೋಗಳನ್ನೂ ಒಂದೊಂದಾಗಿ, ನಿಧಾನವಾಗಿ ನೋಡಿದರು. ನಾನೂ ಅವರ ಭುಜದಾಚೆಯಿಂದ ಇಣುಕಿದೆ. ಗಾಜಿನ ಗೋಪುರಗಳು, ಆಸ್ಪತ್ರೆ, ಶಾಲೆ, ನಾನು ದಿನಾ ಬಸ್ಸಿನಿಂದ ನೋಡುವ ಅರ್ಧ ಊರು ಅಲ್ಲಿತ್ತು. ಪ್ರತಿಯೊಂದರ ಮುಂದೆಯೂ ಇದೇ ಹೆಂಗಸು, ಒಗೆದ ಸೀರೆಯಲ್ಲಿ, ಫೋಟೋದಿಂದ ಫೋಟೋಗೆ ಕೂದಲು ಬೆಳ್ಳಗಾಗುತ್ತಾ ನಿಂತಿದ್ದಳು. ಹೊಸ ಹೈದರಾಬಾದ್ ಎಂದು ಜಗತ್ತೆಲ್ಲ ಕೊಂಡಾಡುತ್ತಿದ್ದದ್ದು ಈಕೆಯ ಪ್ಲಾಸ್ಟಿಕ್ ಚೀಲದಲ್ಲಿತ್ತು. ನನಗೆ ಕೈಮುಗಿಯಬೇಕು ಅನ್ನಿಸಿತು.

ಮಾಲೀಕರು ಹಾಳೆ ಕೆಳಗಿಟ್ಟರು. “ಆ ಸೋರುವುದನ್ನು ನಿಲ್ಲಿಸಲು ಆಗುತ್ತಾ?”

ಭಾನುವಾರ ಆಕೆ ಹೋಗಿ ನಿಲ್ಲಿಸಿ ಬಂದಳು. ಸೋಮವಾರ ಸಾಲ ಮಂಜೂರಾಯಿತು. ಆಸ್ತಿ ಇಲ್ಲದವರಿಗೆ ನಮ್ಮ ಆಫೀಸು ಕೊಟ್ಟ ಮೊದಲ ಸಾಲ ಅದು. ಅರ್ಜಿದಾರರನ್ನು ನಂಬಲು ಕಾರಣವೇನು ಎಂಬ ಖಾನೆಯಲ್ಲಿ ಮಾಲೀಕರು ತಮ್ಮ ಕೈಯಾರೆ ಬರೆದದ್ದನ್ನು ನಾನೇ ಓದಿದೆ. ‘ಬಚ್ಚಲು ಸೋರುತ್ತಿಲ್ಲ.’

ಮಂಗಳವಾರ ಬೆಳಿಗ್ಗೆ ಆಫೀಸಿನ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮೇಸ್ತ್ರಿ ಬಾಯಿಯ ಗುಂಪು, ಅವರ ಬೀಗರು, ಬೇರೆ ಗುಂಪಿನವರು, ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಫೋಟೋ. ಉಗಾದಿಯ ಹಿಂದಿನ ದಿನ ಕೆಳಗಿನ ಅರೆ ಎಷ್ಟು ತುಂಬಿತೆಂದರೆ ಬೀರುವಿನ ಬಾಗಿಲು ಹಾಕಲು ಆಗಲಿಲ್ಲ. ಮಾಲೀಕರು ಬಂದು ನೋಡಿ, ತಾವೇ ನನ್ನ ಮೇಜಿನ ಒಂದು ತುದಿ ಹಿಡಿದು ಬಾಗಿಲ ಕಡೆ ತಿರುಗಿಸಿದರು. “ಆಫೀಸರ್ ಮೇಡಂ, ನಾನು ಬಾಡಿಗೆಗಿರುವ ವಿಷಯ ಮಾತ್ರ ಹೊರಗೆ ಹೋಗಬಾರದು” ಅಂದರು. ಹೋಗಿಲ್ಲ. ಈಗ ಅವರಿಗೂ ಸ್ವಂತ ಮನೆಯಾಗಿದೆ, ಅದಕ್ಕೇ ಹೇಳುತ್ತಿದ್ದೇನೆ.

ಅದೇ ವಾರ ನಮ್ಮ ಮನೆ ಒಡತಿಯ ಮಹಡಿ ಕಟ್ಟಲು ಹೋದದ್ದೂ ಮೇಸ್ತ್ರಿ ಬಾಯಿಯೇ. ಮೊದಲ ದಿನವೇ ಹೋರ್ಡಿಂಗಿನ ಗುಟ್ಟು ಬಯಲು ಮಾಡಿಬಿಟ್ಟಳು. ಒಡತಿ ನನ್ನ ಹತ್ತಿರ ಓಡಿಬಂದು, “ಅಯ್ಯೋ ಪಾಪ, ನಿನಗೆ ಮನೆಯೇ ಇಲ್ಲವಾ?” ಎಂದು ನೋಟಿಸು ವಾಪಸು ಪಡೆದರು. ಸಂಕಟಪಡುತ್ತಲೇ ಬಾಡಿಗೆ ಏರಿಸಿದರು.

ಆರು ತಿಂಗಳಲ್ಲಿ ಊರ ಹೊರಗಿನ ಅರವತ್ತು ಗಜದಲ್ಲಿ ಎರಡು ಖೋಲಿ ಎದ್ದವು. ಹೊಸ ಹೋರ್ಡಿಂಗಿಗೆ ಇವಳೇ ಸರಿ ಎಂದರು ಮಾಲೀಕರು. ಎಲ್ಲರೂ ಹೋದೆವು. ಮೇಸ್ತ್ರಿ ಬಾಯಿ ಒಗೆದ ಸೀರೆ ಉಟ್ಟು ತನ್ನ ಬಾಗಿಲ ಮುಂದೆ ನಿಂತಳು. ಸೊಂಟದಿಂದ ಕೀಲಿಕೈ ತೆಗೆದು, ಸೆರಗು ಸರಿಮಾಡಿಕೊಳ್ಳುವ ತನಕ ಹಿಡಿಯಲು ನನ್ನ ಕೈಗೆ ಕೊಟ್ಟಳು. ಸಣ್ಣ ಕೀಲಿಕೈ. ಬೀರುವಿನದಕ್ಕಿಂತ ಅರ್ಧವೂ ಇರಲಿಲ್ಲ. ಈ ಸಲ ಅದು ಆಕೆಯ ಬೆನ್ನ ಹಿಂದಿದ್ದ ಬಾಗಿಲಿನದೇ ಆಗಿತ್ತು.

ಫೋಟೋಗ್ರಾಫರ್, “ಸ್ಮೈಲ್!” ಅಂದ. ಆಕೆ ನಗಲಿಲ್ಲ. ಮಾಲೀಕರ ಕಡೆ ಕೈ ಚಾಚಿದಳು.

“ಒಂದು ದಿನದ ಕೂಲಿ, ಸಾಬ್. ಕೆಲಸ ಬಿಟ್ಟು ನಿಂತಿದ್ದೇನೆ.”

ಮಾಲೀಕರು ಜೇಬಿನಿಂದ ತೆಗೆದುಕೊಟ್ಟರು. ಆಕೆ ಎಣಿಸಿ, ಸೊಂಟಕ್ಕೆ ಸಿಕ್ಕಿಸಿ, ಆಮೇಲೆ ನಕ್ಕಳು. ಎಂತಹ ನಗು! ಆ ನಗು ನೋಡಿಯೇ ಮುಂದೆ ಎರಡು ಬೀರು ತುಂಬಿದವು.

ಫೋಟೋ ಮುಗಿದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. “ಅಕ್ಕಾರ, ನೀವು ಮುಂಜಾನಿಂದ ಸಂಜಿತನಾ ನಿಂತಿದ್ರಲ್ಲ, ನಿಮಗೆಷ್ಟು ಕೊಟ್ಟಿದ್ರು?”

“ಎರಡು ಸಮೋಸ.”

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಮತ್ತ ನೀವು ಮಾರ್ಕೆಟಿಂಗ್ ಆಫೀಸರ್ರೇನ್ರಿ?” ಅಂದಳು.